ಹೊಟ್ಟೆನೋವೆಂದ ಮಗುವನ್ನು ಗದರಬೇಡಿ

ಮಾನ್ಯರೇ,

ಪರೀಕ್ಷೆ ಹತ್ತಿರ ಬಂತೆಂದರೆ ನಮ್ಮ ಗದಗ ಭಾಗದ ಶಾಲೆಗಳಲ್ಲಿ ‘ಟೀಚರ್, ಹೊಟ್ಟಿ ತೊಳಸಾಕತ್ತೈತ್ರಿ, ಎದಿ ಡವಡವ ಅನ್ನಾಕತ್ತೈತ್ರಿ’ ಎನ್ನುವ ಮಕ್ಕಳು ಹೆಚ್ಚುತ್ತಾರೆ. ಕೆಲವರಿಗೆ ಗುಳಿಗೆ ಸಿಗುತ್ತದೆ, ಕೆಲವರಿಗೆ ‘ನಾಟಕ ಮಾಡಬ್ಯಾಡ’ ಎಂಬ ಬೈಗುಳ. ವಿಜ್ಞಾನ ಶಿಕ್ಷಕಿಯಾಗಿ ನನಗಿದು ಸಹಿಸಲಾಗದ ಸಂಗತಿ.

ಎದೆಬಡಿತ, ಒಣಗಿದ ಬಾಯಿ, ಬೆವರಿದ ಅಂಗೈ ದೇಹದ ಸಂವೇದನೆಗಳು. ಮೂತ್ರಪಿಂಡದ ಮೇಲಿರುವ ಗ್ರಂಥಿಗಳು ಅಡ್ರಿನಲಿನ್ ಎಂಬ ಹಾರ್ಮೋನು ಸ್ರವಿಸಿದಾಗ ಹೃದಯದ ಬಡಿತ ಏರುತ್ತದೆ, ಜೀರ್ಣಾಂಗಗಳಿಗೆ ಹೋಗುವ ರಕ್ತ ಕಡಿಮೆಯಾಗುತ್ತದೆ. ಹೊಟ್ಟೆ ನಿಜಕ್ಕೂ ತೊಳಸುತ್ತದೆ! ಮಿದುಳು, ದೇಹ ಕೂಡಿ ಅಪಾಯಕ್ಕೆ ಸಜ್ಜಾಗುವ ಈ ಇಡೀ ಪ್ರತಿಕ್ರಿಯೆ ಭಯವೆಂಬ ಭಾವೋದ್ವೇಗ. ‘ನನಗ ಗಣಿತದ ಅಂಜಿಕಿ ಐತಿ’ ಎಂದು ಮಗು ತಾನೇ ಗುರುತಿಸಿಕೊಳ್ಳುವುದು ಭಾವನೆ. ಎಷ್ಟೋ ಮಕ್ಕಳು ಅಲ್ಲಿಗೆ ತಲುಪುವುದೇ ಇಲ್ಲ, ಯಾರೂ ಕೇಳಿರುವುದಿಲ್ಲ.

ದೇಹದ ಬದಲಾವಣೆಗಳ ಅರಿವೇ ಭಾವೋದ್ವೇಗ ಎಂದು ಅಮೆರಿಕದ ಮನೋವಿಜ್ಞಾನಿ ವಿಲಿಯಂ ಜೇಮ್ಸ್ 1884ರಲ್ಲಿ ವಾದಿಸಿದ್ದರು. ನನಗದು ಅರ್ಧ ಸತ್ಯವೆನಿಸುತ್ತದೆ. ಪರೀಕ್ಷೆಗೆ ಅಂಜುವ ಹುಡುಗಿಯ ಅದೇ ಡವಡವ ಕಬಡ್ಡಿ ಅಂಕಣದಲ್ಲಿ ಹುಮ್ಮಸ್ಸಾಗಿರುತ್ತದಲ್ಲ?

ಹಾಗೆಂದು ಎಲ್ಲ ಹೊಟ್ಟೆನೋವೂ ಅಂಜಿಕೆಯಲ್ಲ. ನೋವು ಬಿಡದಿದ್ದರೆ, ಜ್ವರ, ವಾಂತಿ ಇದ್ದರೆ ವೈದ್ಯರಿಗೆ ತೋರಿಸಲೇಬೇಕು. ಉಳಿದಂತೆ ‘ಎಲ್ಲಿ ಏನಾಗ್ತೈತಿ? ಯಾವಾಗ ಶುರುವಾತು? ಆಗ ಮನಸ್ಸಿನ್ಯಾಗ ಏನಿತ್ತು?’ ಎಂದು ಶಿಕ್ಷಕರು ಕೇಳಲಿ. ಇದಕ್ಕೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ನ ತಜ್ಞರಿಂದ ಶಿಕ್ಷಣ ಇಲಾಖೆ ನಮಗೆ ತರಬೇತಿ ಕೊಡಿಸಲಿ. ಉಚಿತ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್‌ನ 14416 ಸಂಖ್ಯೆಯನ್ನು ಪರೀಕ್ಷೆಗೆ ಮೊದಲೇ ಪ್ರತಿ ತರಗತಿಯ ಗೋಡೆಗೆ ಬರೆಸಲಿ.

– ಪ್ರೌಢಶಾಲಾ ಶಿಕ್ಷಕಿ, ಗದಗ