ಬೆಳೆಸಿದವರನ್ನೇ ಬಿಟ್ಟುಕೊಡುವ ಬೆಂಗಳೂರು ಬುಲ್ಸ್

(ಈ ಪತ್ರ 2025ರ ಮೇ ತಿಂಗಳಲ್ಲಿ, ಹರಾಜಿಗೆ ಮುನ್ನ ಬರೆದದ್ದು)

ಸಂಪಾದಕರಿಗೆ,

ಮಾನ್ಯರೇ,

ಪ್ರೊ ಕಬಡ್ಡಿ ಲೀಗ್‌ 12ನೇ ಆವೃತ್ತಿಯ ಆಟಗಾರರ ಹರಾಜು ಇದೇ 2025ರ ಮೇ 31 ಮತ್ತು ಜೂನ್ 1ರಂದು ಮುಂಬೈನಲ್ಲಿ ನಡೆಯಲಿದೆ. ಕಳೆದ ಸಲ, 2024ರ 11ನೇ ಆವೃತ್ತಿಯಲ್ಲಿ, 22 ಪಂದ್ಯ ಆಡಿ ಎರಡೇ ಎರಡು ಗೆದ್ದು, 12 ತಂಡಗಳ ಪಟ್ಟಿಯಲ್ಲಿ ಕಟ್ಟಕಡೆಗೆ ನಿಂತ ನಮ್ಮ ಬೆಂಗಳೂರು ಬುಲ್ಸ್ ಈ ಬಾರಿ ಏನು ಮಾಡುತ್ತದೋ ಎಂಬ ಆತಂಕದಿಂದ ಈ ಪತ್ರ ಬರೆಯುತ್ತಿದ್ದೇನೆ. ಸೋತಿದ್ದಕ್ಕೆ ನನಗೆ ಸಿಟ್ಟಿಲ್ಲ, ಆಟ ಅಂದಮೇಲೆ ಸೋಲು ಇದ್ದದ್ದೇ. ಆದರೆ ಈ ತಂಡ ಅಂಕಣಕ್ಕೆ ಇಳಿಯುವ ಮೊದಲೇ ಸೋಲುತ್ತಿದೆ. ಪಂದ್ಯಗಳಿಲ್ಲದ ತಿಂಗಳುಗಳಲ್ಲಿ, ಯಾರನ್ನು ಉಳಿಸಿಕೊಳ್ಳಬೇಕು, ಯಾರನ್ನು ಬಿಡಬೇಕು ಎಂದು ಕೂತು ತೀರ್ಮಾನಿಸುವ ಹೊತ್ತಲ್ಲೇ ಸೋಲುತ್ತಿದೆ.

ಪ್ರದೀಪ್ ನರ್ವಾಲ್ ಅವರನ್ನೇ ತೆಗೆದುಕೊಳ್ಳಿ. 2015ರ ಎರಡನೇ ಆವೃತ್ತಿಯಲ್ಲಿ ಅವರು ಆಡಿದ್ದು ಬುಲ್ಸ್ ಪರವಾಗಿ. ಆಗಿನ್ನೂ ಹದಿಹರೆಯದ ಹುಡುಗ. ಸಿಕ್ಕ ಕೆಲವೇ ಪಂದ್ಯಗಳಲ್ಲಿ ಹೆಚ್ಚು ಅಂಕ ಬರಲಿಲ್ಲ, ತಂಡ ಬಿಟ್ಟುಕೊಟ್ಟಿತು. ಅವರು ಪಾಟ್ನಾ ಪೈರೇಟ್ಸ್ ಸೇರಿದರು, ಪಾಟ್ನಾ ಸತತ ಮೂರು ಕಪ್ ಗೆದ್ದಿತು. 2017ರ ಒಂದೇ ಆವೃತ್ತಿಯಲ್ಲಿ ಅವರು ತಂದ ರೈಡ್ ಪಾಯಿಂಟ್ (ಎದುರಾಳಿ ಅಂಕಣಕ್ಕೆ ನುಗ್ಗಿ ಗಳಿಸುವ ಅಂಕ) 369. ಅಂಥವರನ್ನು ಬುಲ್ಸ್ ಮತ್ತೆ ಕರೆದುಕೊಂಡಿದ್ದು ಯಾವಾಗ? 2024ರಲ್ಲಿ, 70 ಲಕ್ಷ ರೂಪಾಯಿಗೆ, ಮೈಯಲ್ಲಿ ಮೊದಲಿನ ಚುರುಕು ಇಳಿದ ಮೇಲೆ. ಅವರ ಹೆಸರುವಾಸಿ ಪಟ್ಟಾದ ಡುಬ್ಕಿ ಹೊಡೆಯಬೇಕಾದರೆ, ಸರಪಳಿಯಂತೆ ಕೈ ಹಿಡಿದು ನಿಂತ ಎದುರಾಳಿಗಳ ಕೈಗಳ ಕೆಳಗೆ ಮಂಡಿ ಮಡಚಿ ನುಗ್ಗಿ, ಅದೇ ಉಸಿರಲ್ಲಿ ಅಂಕಣದ ನಡುಗೆರೆ ಕಡೆ ಚಿಮ್ಮಬೇಕು. ಮಂಡಿ, ಸೊಂಟ ಎರಡೂ ಹೇಳಿದಂತೆ ಕೇಳುವ ವಯಸ್ಸಿನ ಆಟ ಅದು. ಹಾಗಾಗಿ ಪ್ರದೀಪ್ ಅವರ ಮೇಲೆ ನನ್ನ ದೂರೇನೂ ಇಲ್ಲ. ಚಿಕ್ಕವರಿದ್ದಾಗ ಬಿಟ್ಟು, ದಣಿದ ಮೇಲೆ ತಂದು, ನಾಯಕತ್ವದ ಭಾರವನ್ನೂ ಹೊರಿಸಿದವರ ಮೇಲೆ ದೂರು.

ಪವನ್ ಸೆಹ್ರಾವತ್ ವಿಷಯದಲ್ಲಂತೂ ನನ್ನ ಹೊಟ್ಟೆಯುರಿ ಇನ್ನೂ ಆರಿಲ್ಲ. 2019ರ ಜನವರಿ 5ರಂದು ಮುಂಬೈನಲ್ಲಿ ಗುಜರಾತ್ ತಂಡವನ್ನು 38–33ರಿಂದ ಸೋಲಿಸಿ ಬುಲ್ಸ್ ಕಪ್ ಗೆದ್ದ ಫೈನಲ್‌ನಲ್ಲಿ 22 ಅಂಕ ಅವರೊಬ್ಬರದೇ. ಅದೇ ವರ್ಷ ಹರಿಯಾಣ ಸ್ಟೀಲರ್ಸ್ ವಿರುದ್ಧ ಒಂದೇ ಪಂದ್ಯದಲ್ಲಿ 39 ಅಂಕ. ಸತತ ಮೂರು ಆವೃತ್ತಿಗಳಲ್ಲಿ ಲೀಗ್‌ಗೇ ಮೊದಲಿಗರಾದ ರೈಡರ್ ಅವರು. 2022ರಲ್ಲಿ ಅವರನ್ನು ಉಳಿಸಿಕೊಳ್ಳದೆ ಹರಾಜಿಗೆ ಬಿಟ್ಟರು. ತಮಿಳ್ ತಲೈವಾಸ್ 2.26 ಕೋಟಿ ಕೊಟ್ಟು ಕರೆದೊಯ್ದರು. ಅದೇ ಹರಾಜಿನಲ್ಲಿ ಬುಲ್ಸ್ 1.70 ಕೋಟಿ ಸುರಿದಿದ್ದು ವಿಕಾಸ್ ಕಂಡೋಲಾ ಅವರಿಗೆ. ಕೈಲಿ ಹಣ ಇರಲಿಲ್ಲ ಎನ್ನುವ ಮಾತು ಹಾಗಾಗಿ ನನಗೆ ಒಪ್ಪಿಗೆಯಾಗುವುದಿಲ್ಲ.

ನಾನು ಮನೆಯಲ್ಲೇ ಹೊಲಿಗೆ ಕೆಲಸ ಮಾಡುವವಳು. ಬಡಾವಣೆಯ ಹುಡುಗರು ಕಬಡ್ಡಿ ಜೆರ್ಸಿ ತಂದುಕೊಟ್ಟರೆ ಬೆನ್ನ ಮೇಲೆ ಹೆಸರಿನ ಪಟ್ಟಿ ಹೊಲಿದುಕೊಡುತ್ತೇನೆ. ಕಪ್ ಗೆದ್ದ ವರ್ಷ ಬಂದವರೆಲ್ಲ ಕೇಳಿದ್ದು ‘ಪವನ್’ ಎಂಬ ಹೆಸರನ್ನೇ. 2022ರ ಹರಾಜು ಮುಗಿದ ವಾರ ಒಬ್ಬ ಹುಡುಗ ತೊಳೆದು ಮಡಚಿದ ಜೆರ್ಸಿ ಹಿಡಿದು ಬಂದು, ‘ಅಕ್ಕಾ, ಹೊಲಿಗೆ ಬಿಚ್ಚಿ ಹೆಸರು ತೆಗೆದುಕೊಡಿ’ ಅಂದ. ಬ್ಲೇಡಿನಿಂದ ಒಂದೊಂದೇ ಹೊಲಿಗೆ ಬಿಡಿಸಿ ಕೊಟ್ಟೆ. ಬೇರೆ ಯಾರ ಹೆಸರು ಹಾಕಲಿ ಎಂದು ಕೇಳಿದರೆ ಅವನಲ್ಲಿ ಉತ್ತರ ಇರಲಿಲ್ಲ. 2024ರ ಅಕ್ಟೋಬರ್ 18ರಂದು 11ನೇ ಆವೃತ್ತಿಯ ಮೊದಲ ಪಂದ್ಯದಲ್ಲೇ ಹೈದರಾಬಾದಿನಲ್ಲಿ ತೆಲುಗು ಟೈಟನ್ಸ್ ನಮ್ಮನ್ನು 37–29ರಿಂದ ಸೋಲಿಸಿತು. ಟೈಟನ್ಸ್ ನಾಯಕರಾಗಿ ನಮ್ಮನ್ನು ಸದೆಬಡಿದವರು ಅದೇ ಪವನ್.

ಭರತ್ ಹೂಡಾ ಕತೆಯೂ ಬೇರೆಯಲ್ಲ. ಬುಲ್ಸ್‌ನಲ್ಲೇ ಹೊಸ ಹುಡುಗನಾಗಿ ಕಣ್ಣುಬಿಟ್ಟು, 9ನೇ ಆವೃತ್ತಿಯಲ್ಲಿ 279 ರೈಡ್ ಪಾಯಿಂಟ್ ತಂದು, ತಂಡವನ್ನು ಸೆಮಿಫೈನಲ್‌ವರೆಗೆ ಎಳೆದ ರೈಡರ್. ನಂತರದ ಒಂದು ಆವೃತ್ತಿ ಕೈಕೊಟ್ಟಿತು, ಅಷ್ಟಕ್ಕೇ ಹರಾಜಿಗೆ. ಯುಪಿ ಯೋಧಾಸ್ 1.30 ಕೋಟಿ ಕೊಟ್ಟರು, ಸೆಮಿಫೈನಲ್ ಆಡಿದರು. ನಾವು ಅಜಿಂಕ್ಯ ಪವಾರ್ ಅವರಿಗೆ ಕೋಟಿ ದಾಟಿಸಿ, ಕೊನೆಯ ಸ್ಥಾನಕ್ಕೆ ಹೋದೆವು. ಉತ್ತು ಬಿತ್ತಿ ಕಳೆ ಕಿತ್ತವರು ತೆನೆ ಕಟ್ಟುವ ಹೊತ್ತಿಗೆ ಹೊಲವನ್ನೇ ಬೇರೆಯವರಿಗೆ ಬಿಟ್ಟುಕೊಟ್ಟು ಪೇಟೆಯಲ್ಲಿ ಕಾಳು ಕೊಂಡ ಹಾಗಾಯಿತು.

ಹರಾಜಿನ ಮೇಜಿನಲ್ಲಿ ಕೂರುವವರಿಗೆ ರೈಡರ್‌ಗಳ ಅಂಕ ಮಾತ್ರ ಕಾಣುತ್ತದೋ ಏನೋ. ನಾನು ಕಾಲೇಜಿನಲ್ಲಿ ಲೆಫ್ಟ್ ಕಾರ್ನರ್ (ಎಡ ಮೂಲೆಯ ರಕ್ಷಣೆ) ಆಡಿದವಳು. ಕಾರ್ನರ್ ಮತ್ತು ಪಕ್ಕದಲ್ಲಿ ನಿಲ್ಲುವವರು ಕೈ ಕೈ ಹಿಡಿದೇ ಇರುತ್ತಾರೆ. ಪಕ್ಕದವಳ ಬೆರಳು ಬಿಗಿಯಾಯಿತೆಂದರೆ ‘ಇನ್ನೂ ತಡಿ’ ಅಂತ, ಸಡಿಲವಾಯಿತೆಂದರೆ ‘ನಡಿ, ಕಾಲಿಗೆ ಬೀಳು’ ಅಂತ. ಬಾಯಿಬಿಟ್ಟು ಹೇಳುವುದಕ್ಕೆ ಅಲ್ಲಿ ಪುರಸೊತ್ತಿಲ್ಲ. ನಾನು ಆಂಕಲ್ ಹೋಲ್ಡ್‌ಗೆ, ಅಂದರೆ ರೈಡರ್‌ನ ಕಣಕಾಲು ಹಿಡಿಯಲು, ಹಾರಿದ ಕ್ಷಣದಲ್ಲೇ ಅವಳು ಸೊಂಟಕ್ಕೆ ಬರದಿದ್ದರೆ, ರೈಡರ್ ನನ್ನನ್ನು ಎಳೆದುಕೊಂಡೇ ಗೆರೆ ಮುಟ್ಟಿಬಿಡುತ್ತಾಳೆ. ಈ ಹೊಂದಾಣಿಕೆ ಶಿಬಿರದ ನಾಲ್ಕು ವಾರದಲ್ಲಿ ಬರುವಂಥದ್ದಲ್ಲ, ಜೊತೆಗೆ ಆಡಿ, ಜೊತೆಗೆ ಪೆಟ್ಟು ತಿಂದು ಬರಬೇಕು. ಪ್ರತಿ ಹರಾಜಿಗೂ ಸರಪಳಿಯ ಒಂದೊಂದು ಕೊಂಡಿ ಬದಲಾಯಿಸಿದರೆ ಯಾವ ತರಬೇತುದಾರರು ಬಂದರೂ ಮಾಡುವುದೇನಿದೆ?

ತರಬೇತುದಾರರ ವಿಷಯಕ್ಕೆ ಬಂದರೆ, ಈ ವರ್ಷ, 2025ರಲ್ಲಿ, ಒಂದು ಒಳ್ಳೆಯ ಕೆಲಸ ಆಗಿದೆ. ಮೊದಲ ಆವೃತ್ತಿಯಿಂದಲೂ ತಂಡ ನೋಡಿಕೊಂಡಿದ್ದ ರಣಧೀರ್ ಸಿಂಗ್ ಸೆಹ್ರಾವತ್ ಅವರ ಜಾಗಕ್ಕೆ ನಮ್ಮ ಕನ್ನಡಿಗರೇ ಆದ, ಅರ್ಜುನ ಪ್ರಶಸ್ತಿ ಪುರಸ್ಕೃತ ಬಿ.ಸಿ. ರಮೇಶ್ ಅವರನ್ನು ತಂದಿದ್ದಾರೆ. ಬುಲ್ಸ್ ಕಪ್ ಗೆದ್ದ ವರ್ಷ ತರಬೇತಿ ಬಳಗದಲ್ಲಿ ಇದ್ದವರು ಅವರು. ಆಮೇಲೆ 2019ರಲ್ಲಿ ಬೆಂಗಾಲ್ ವಾರಿಯರ್ಸ್‌ಗೆ, 2024ರ ಮಾರ್ಚ್‌ನಲ್ಲಿ ಪುಣೇರಿ ಪಲ್ಟನ್‌ಗೆ ಕಪ್ ಗೆಲ್ಲಿಸಿಕೊಟ್ಟರು. ಪುಣೆ ಗೆದ್ದಿದ್ದು ಹೆಸರುವಾಸಿ ಹಳಬರಿಂದಲ್ಲ, ಹೆಚ್ಚಾಗಿ ಜೊತೆಯಲ್ಲೇ ಬೆಳೆದ ಎಳೆಯ ಹುಡುಗರಿಂದ. ರಮೇಶ್ ಅವರಿಗೆ ಅದೇ ಸಲುಗೆಯನ್ನು ಇಲ್ಲೂ ಕೊಡಿ ಎಂದು ಮಾಲೀಕರಲ್ಲಿ ಕೇಳಿಕೊಳ್ಳುತ್ತೇನೆ. ಎರಡು ಪಂದ್ಯ ಸೋತ ಕೂಡಲೇ ಮತ್ತೆ ದೊಡ್ಡ ಹೆಸರಿನ ಹಿಂದೆ ಓಡಬೇಡಿ.

ಇನ್ನೊಂದು ಮಾತು. ತಂಡದ ಹೆಸರಲ್ಲಿ ಬೆಂಗಳೂರು ಇದೆ, ಅಂಕಣದಲ್ಲಿ ಕನ್ನಡದ ಹುಡುಗರು ಎಷ್ಟು ಜನ? ಕರ್ನಾಟಕದಲ್ಲಿ ಆಟಗಾರರಿಗೆ ಬರವಿಲ್ಲ. ಸುಕೇಶ್ ಹೆಗ್ಡೆ 2017ರಲ್ಲಿ ಗುಜರಾತ್ ತಂಡವನ್ನು ಫೈನಲ್‌ಗೆ ಕೊಂಡೊಯ್ದ ನಾಯಕ. ಪ್ರಶಾಂತ್ ಕುಮಾರ್ ರೈ ಪಾಟ್ನಾ ನಾಯಕರಾಗಿ ಫೈನಲ್ ಆಡಿದವರು. ಗಗನ್ ಗೌಡ 2024ರಲ್ಲಿ ಯುಪಿ ಯೋಧಾಸ್‌ನಲ್ಲಿ ಮಿಂಚಿದರು. ಎಲ್ಲರೂ ಹೆಸರು ಮಾಡಿದ್ದು ಹೊರರಾಜ್ಯದ ಜೆರ್ಸಿ ತೊಟ್ಟು.

ನಮ್ಮ ಚಿತ್ರದುರ್ಗ, ದಾವಣಗೆರೆ ಕಡೆ ಬಂದು ನೋಡಿ. ಗಣೇಶನ ಹಬ್ಬ, ರಾಜ್ಯೋತ್ಸವ ಬಂತೆಂದರೆ ಹೊಸದುರ್ಗ, ಹೊಳಲ್ಕೆರೆ, ಜಗಳೂರು, ಹರಿಹರ ಎಲ್ಲೆಡೆ ಹೊನಲು ಬೆಳಕಿನ ಕಬಡ್ಡಿ. ಹಗಲು ಈರುಳ್ಳಿ ಮೂಟೆ ಹೊತ್ತವರು, ಗಾರೆ ಕೆಲಸ ಮಾಡಿದವರು ರಾತ್ರಿ ಅಂಕಣಕ್ಕೆ ಇಳಿಯುತ್ತಾರೆ. ನಾನು ಸಂಜೆ ಆಟ ಹೇಳಿಕೊಡುವ ಮಕ್ಕಳು ಅಭ್ಯಾಸ ಮಾಡುವುದು ನೀರು ಚಿಮುಕಿಸಿ ಸುಣ್ಣದ ಗೆರೆ ಎಳೆದ ಮಣ್ಣಿನ ಮೇಲೆ, ಬರಿಗಾಲಲ್ಲಿ. ಟೂರ್ನಿಯಲ್ಲಿ ಮ್ಯಾಟ್ ಹಾಸಿದರೆ ಮೊದಲರ್ಧ ಕಾಲು ನಿಲ್ಲಿಸಲು ತಡಬಡಾಯಿಸುತ್ತಾರೆ, ದ್ವಿತೀಯಾರ್ಧಕ್ಕೆ ಹೊಂದಿಕೊಳ್ಳುತ್ತಾರೆ. ಮ್ಯಾಟ್ ಮತ್ತು ಶೂ ವರ್ಷವಿಡೀ ಸಿಕ್ಕರೆ ಏನಾದಾರು ಎಂದು ನೋಡುವ ಆಸೆ ನನ್ನದು.

2023ರ ಡಿಸೆಂಬರ್‌ನಲ್ಲಿ ಈ ಮಕ್ಕಳನ್ನು ಕರೆದುಕೊಂಡು ಪ್ರೊ ಕಬಡ್ಡಿ ನೋಡಲು ಬೆಂಗಳೂರಿನ ಕಂಠೀರವ ಒಳಾಂಗಣ ಕ್ರೀಡಾಂಗಣಕ್ಕೆ ಹೋಗಿದ್ದೆವು. ಬಂದ ಮೇಲೆ ತಿಂಗಳುಗಟ್ಟಲೆ ಅದೇ ಮಾತು. ಮರುವರ್ಷದ ಪಂದ್ಯಗಳೆಲ್ಲ ಹೈದರಾಬಾದ್, ನೊಯ್ಡಾ, ಪುಣೆಯಲ್ಲೇ ಮುಗಿದವು. ಊರು ಆರಿಸುವುದು ಲೀಗ್ ನಡೆಸುವವರ ಕೈಲಿದೆ, ಗೊತ್ತು. ಆದರೂ ನಮಗೆ ಬೆಂಗಳೂರಲ್ಲಿ ಪಂದ್ಯ ಬೇಕೆಂದು ತಂಡದವರು ಗಟ್ಟಿಯಾಗಿ ಕೇಳಬೇಕು.

ಹರಾಜು ಮುಗಿದ ಮೇಲೂ ಹೊಸ ಯುವ ಆಟಗಾರರನ್ನು ಸೇರಿಸಿಕೊಳ್ಳಲು ಲೀಗ್‌ನಲ್ಲಿ ಅವಕಾಶವಿದೆ. ಅದಕ್ಕಾಗಿ ಚಿತ್ರದುರ್ಗದಲ್ಲೋ ದಾವಣಗೆರೆಯಲ್ಲೋ ಒಂದು ದಿನ ಮುಕ್ತ ಆಯ್ಕೆ ಶಿಬಿರ ನಡೆಸಿ ಎಂದು ಬುಲ್ಸ್ ಆಡಳಿತವನ್ನು ಈ ಮೂಲಕ ಕೋರುತ್ತೇನೆ. ಮೈದಾನ ನಾವು ಸಿದ್ಧಮಾಡಿಕೊಡುತ್ತೇವೆ, ಹಳ್ಳಿಗಳಿಂದ ಬರುವ ಹುಡುಗರ ಊಟ-ವಸತಿಯನ್ನು ಇಲ್ಲಿನ ಕಬಡ್ಡಿ ಪ್ರೇಮಿಗಳೇ ನೋಡಿಕೊಳ್ಳುತ್ತೇವೆ. ಆಯ್ಕೆಗಾರರು ಒಂದು ಮ್ಯಾಟ್ ತಂದರೆ ಸಾಕು.

ಇತಿ,
ಮಾಜಿ ಕಬಡ್ಡಿ ಆಟಗಾರ್ತಿ,
ಜೋಗಿಮಟ್ಟಿ ರಸ್ತೆ, ಚಿತ್ರದುರ್ಗ