ಮಗಳಿಗೊಂದು ಪತ್ರ: ನೀನು ಬೈದ ಮನುಷ್ಯ ಇಲ್ಲಿ ನಿಂತಿದ್ದಾನೆ

ಪುಟ್ಟಿ,

ರಾತ್ರಿ ಹನ್ನೊಂದು ಗಂಟೆ. ಕ್ಯಾಬಿನ್ನಿನ ಪರದೆ ಎಳೆದುಕೊಂಡು ಬರೆಯುತ್ತಿದ್ದೇನೆ, ಹೊರಗೆ ಇನ್ನೂ ಬಿಸಿಲು. ಜುಲೈ ಮೂರನೇ ವಾರದವರೆಗೆ ಇಲ್ಲಿ ಸೂರ್ಯ ಮುಳುಗುವುದೇ ಇಲ್ಲ. ಊರಲ್ಲಿ ಮಳೆ ಹಿಡಿದಿರಬೇಕು, ಅಲ್ವಾ?

ಹಡಗು ನಾರ್ವೆಯ ಟ್ರಾಮ್ಸೊದಲ್ಲಿದೆ. ಇಂಜಿನ್ ರೂಮಿನಿಂದ ಸ್ವಲ್ಪ ಬಿಡುವು ಸಿಕ್ಕಿತು, ಪೇಟೆ ಕಡೆ ಹೋದೆ. ಬಂದರಿನ ಹತ್ತಿರ ಯಾರು ನಿಂತಿದ್ದಾನೆ ಹೇಳು? ರೋವಾಲ್ಡ್ ಅಮುಂಡ್ಸೆನ್, ಕಂಚಿನಲ್ಲಿ. ಏಳನೇ ಕ್ಲಾಸಿನ ಭಾಷಣಕ್ಕೆ ನೀನು ಬೈದು ಬೈದು ಬಾಯಿಪಾಠ ಮಾಡಿದ್ದೆಯಲ್ಲ, ಅವನೇ. ಅದೇ ಗುರಿಗೆ ಹೊರಟಿದ್ದ ಬ್ರಿಟನ್ನಿನ ಸ್ಕಾಟ್‌ಗಿಂತ ಐದು ವಾರ ಮೊದಲು, 1911ರ ಡಿಸೆಂಬರ್ 14ಕ್ಕೆ ದಕ್ಷಿಣ ಧ್ರುವ ಮುಟ್ಟಿದವ. 52 ನಾಯಿ ಕಟ್ಟಿಕೊಂಡು ಹೊರಟು 11 ನಾಯಿಗಳ ಜೊತೆ ವಾಪಸು ಬಂದವ. ಹೆಚ್ಚಿನವನ್ನು ದಾರಿಯಲ್ಲೇ ಕೊಂದು, ಉಳಿದ ನಾಯಿಗಳಿಗೂ ಹಾಕಿ, ತಾವೂ ತಿಂದರು. ಟಾಮಿಯನ್ನು ತಬ್ಬಿಕೊಂಡು ನೀನು ಅತ್ತದ್ದು ನೆನಪಿದೆ. ಆ ಸಿಟ್ಟು ಬಿಡು ಅಂತ ಹೇಳುವುದಿಲ್ಲ, ನನಗೂ ಅದು ಗಂಟಲಿಗಿಳಿಯುವುದಿಲ್ಲ.

ಆದರೆ ದಕ್ಷಿಣ ಧ್ರುವ ಗೆದ್ದವನಿಗೆ ಇಷ್ಟು ಉತ್ತರದ ಊರಲ್ಲೇನು ಕೆಲಸ? ಅವನು ಕೊನೆಯ ಸಲ ಹೊರಟದ್ದು ಈ ಬಂದರಿನಿಂದ. 1926ರಲ್ಲಿ ಅವನೂ ಇಟಲಿಯ ಎಂಜಿನಿಯರ್ ನೊಬಿಲೆಯೂ ಒಂದೇ ವಾಯುನೌಕೆಯಲ್ಲಿ, ಅಂದರೆ ಅನಿಲ ತುಂಬಿದ ಭಾರೀ ಬಲೂನಿನಂಥದ್ದರಲ್ಲಿ, ಉತ್ತರ ಧ್ರುವದ ಮೇಲೆ ಹಾರಿದ್ದರು. ಇಳಿದ ಮೇಲೆ ಹೆಸರು ಯಾರಿಗೆ ಸಲ್ಲಬೇಕೆಂದು ಊರೆಲ್ಲ ಕೇಳುವ ಹಾಗೆ ಜಗಳ. ಎರಡು ವರ್ಷದ ನಂತರ ನೊಬಿಲೆಯ ಇನ್ನೊಂದು ವಾಯುನೌಕೆ ಮಂಜುಗಡ್ಡೆಯ ಮೇಲೆ ಬಿತ್ತು. ಹುಡುಕಲು ಅಮುಂಡ್ಸೆನ್ ಹೊರಟ. ಅವನಿಗಾಗ 55, ಈಗಿನ ನನ್ನ ವಯಸ್ಸು. ಜಗಳ ಮರೆತು ಹೋದ ಅನ್ನುತ್ತಾರೆ. ಮರೆಯದೆಯೇ ಹೋಗಿರಬೇಕು ಅಂತ ನನಗನ್ನಿಸುತ್ತದೆ. ಇನ್ನೊಮ್ಮೆ ಪೇಪರಿನಲ್ಲಿ ಹೆಸರು ಬರಲಿ ಎಂಬ ಆಸೆಯೂ ಇದ್ದಿರಬಹುದು. ಸಾಲದಲ್ಲಿ ಮುಳುಗಿ ದಿವಾಳಿಯಾಗಿದ್ದ ಮನುಷ್ಯ ಅವನು.

1928ರ ಜೂನ್ 18ರ ಸಂಜೆ ನೀರಿನ ಮೇಲಿಂದ ಏಳುವ ಫ್ರೆಂಚ್ ವಿಮಾನ ಲಾಥಾಮ್ 47 ಆರು ಜನರನ್ನು ಹೊತ್ತು ಇಲ್ಲಿಂದ ಹಾರಿತು. ಕೆಲವೇ ಗಂಟೆಗಳಲ್ಲಿ ರೇಡಿಯೋ ಸುಮ್ಮನಾಯಿತು. ಹೆಣಗಳೂ ಸಿಗಲಿಲ್ಲ. ಆಗಸ್ಟ್ ಕೊನೆಗೆ ರೆಕ್ಕೆಯಡಿಯ ಒಂದು ಫ್ಲೋಟ್, ಅಂದರೆ ವಿಮಾನವನ್ನು ನೀರಿನ ಮೇಲೆ ವಾಲದಂತೆ ಹಿಡಿಯುವ ಟೊಳ್ಳು ಡಬ್ಬ, ತೇಲಿ ಬಂತು, ಆಮೇಲೆ ಒಂದು ಪೆಟ್ರೋಲ್ ಟ್ಯಾಂಕ್. ಟ್ಯಾಂಕಿನ ಬಾಯಿಗೆ ಮರದ ಬೆಣೆ ಹೊಡೆದಿತ್ತಂತೆ. ಮುರಿದ ಫ್ಲೋಟಿನ ಜಾಗಕ್ಕೆ ಖಾಲಿ ಟ್ಯಾಂಕ್ ಕಟ್ಟಲು ನೋಡಿರಬೇಕು ಎಂದು ಬಲ್ಲವರು ಹೇಳುತ್ತಾರೆ.

ಪುಟ್ಟಿ, ನಾನು ಫಿಟ್ಟರ್. ಉಳಿದದ್ದೆಲ್ಲ ಕಥೆ ಅನ್ನಿಸಿತು, ಈ ಬೆಣೆ ಮಾತ್ರ ಎದೆಗೆ ನಾಟಿತು. ಅಂದರೆ ಬಿದ್ದ ತಕ್ಷಣ ಸತ್ತಿರಲಿಲ್ಲ. ಆ ತಣ್ಣೀರಿನಲ್ಲಿ, ವಿಮಾನ ಓಲಾಡುತ್ತಿರುವಾಗ, ಮರಗಟ್ಟಿದ ಬೆರಳಲ್ಲಿ ಯಾರೋ ಮರ ಕೆತ್ತಿದ್ದಾರೆ. ಬೆಣೆ ಸಡಿಲವಾದರೆ ನೀರು ಒಳಗೆ ಬರುತ್ತದೆ, ಬಿಗಿಯಾದರೆ ತಗಡು ಸೀಳುತ್ತದೆ. ಅಳತೆ ನೋಡಿ ನೋಡಿ ಹೊಡೆಯಬೇಕು. ಸುತ್ತಿಗೆ ಇತ್ತೋ ಇಲ್ಲವೋ.

ನೊಬಿಲೆಯನ್ನು ಅದೇ ವಾರ ಸ್ವೀಡನ್ನಿನ ಪೈಲಟ್ ಒಬ್ಬ ಎತ್ತಿಕೊಂಡು ಬಂದ. ನೊಬಿಲೆ 1978ರವರೆಗೆ ಬದುಕಿದ್ದ.

ಫೋಟೋ ಅಮ್ಮನ ಮೊಬೈಲಿಗೆ ಕಳಿಸಿದ್ದೇನೆ. ಅಮುಂಡ್ಸೆನ್ ತಲೆ ಮೇಲಿರುವುದು ಟೋಪಿಯಲ್ಲ, ಕಡಲಹಕ್ಕಿ. ಹತ್ತು ನಿಮಿಷ ಕಾದೆ, ಏಳಲಿಲ್ಲ. ಟಾಮಿಯ ಕಿವಿಗೆ ಔಷಧಿ ಹಾಕಲು ಮರೆಯಬೇಡ, ಮಳೆಗಾಲದಲ್ಲಿ ಅದು ಕೆರೆದುಕೊಳ್ಳುತ್ತದೆ.

ನಿನ್ನ
ಅಪ್ಪ