ಶರದೃತುವಿನ ಹಬ್ಬಗಳು ಕ್ಲಬ್ ಹೌಸ್ ಬಿಟ್ಟು ಮನೆಬಾಗಿಲಿಗೆ ಬರಲಿ

ಸಂಪಾದಕರಿಗೆ,

ಮಾನ್ಯರೇ,

ಗಣೇಶನ ವಿಸರ್ಜನೆ ಮುಗಿಯುತ್ತಿದ್ದಂತೆ ಬೆಂಗಳೂರಿನ ಅಪಾರ್ಟ್‌ಮೆಂಟ್‌ಗಳ ಸಾಂಸ್ಕೃತಿಕ ಸಮಿತಿಗಳು ಮುಂದಿನ ಮೂರು ತಿಂಗಳ ಕಾರ್ಯಕ್ರಮಗಳ ಪಟ್ಟಿಯನ್ನು ವಾಟ್ಸ್ಆ್ಯಪ್ ಗುಂಪುಗಳಿಗೆ ಹರಿಬಿಡುತ್ತವೆ. ನವರಾತ್ರಿಗೆ ದಾಂಡಿಯಾ, ಅಕ್ಟೋಬರ್ ಕೊನೆಗೆ ಹ್ಯಾಲೋವೀನ್, ನವೆಂಬರ್ ಒಂದರ ಬೆಳಿಗ್ಗೆ ಧ್ವಜಾರೋಹಣ ಮತ್ತು ತಿಂಡಿ, ದೀಪಾವಳಿಗೆ ಮಾರಾಟ ಮಳಿಗೆಗಳು ಎಂಬ ಆ ಪಟ್ಟಿ ವರ್ಷದಿಂದ ವರ್ಷಕ್ಕೆ ಹೆಚ್ಚುಕಡಿಮೆ ಒಂದೇ ಆಗಿರುತ್ತದೆ. ಆಶ್ವಯುಜ, ಕಾರ್ತಿಕ ಮಾಸಗಳ ಈ ಶರದೃತು ಮನೆಮಂದಿಯೆಲ್ಲ ಕೈಹಾಕಿ ಮಾಡುವ ಕೆಲಸಗಳು ಅತಿ ಹೆಚ್ಚು ಇರುವ ಕಾಲ. ಆದರೂ ನಮ್ಮ ವಸತಿ ಸಮುಚ್ಚಯಗಳಲ್ಲಿ ಕುಟುಂಬಗಳು ವೇದಿಕೆಯ ಮುಂದೆ ಹಾಕಿದ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕೂತು ನೋಡುವುದಕ್ಕಷ್ಟೇ ಸೀಮಿತವಾಗಿವೆ. ಈ ಪಟ್ಟಿಯನ್ನು ಬದಲಿಸಿ, ಕಾರ್ಯಕ್ರಮಗಳನ್ನು ಮನೆಗಳಿಗೆ ಹಿಂದಿರುಗಿಸಬೇಕು ಎಂದು ಸಂಘಗಳ ಪದಾಧಿಕಾರಿಗಳಲ್ಲಿ ತಮ್ಮ ಪತ್ರಿಕೆಯ ಮೂಲಕ ಕೋರಲು ಈ ಪತ್ರ ಬರೆಯುತ್ತಿದ್ದೇನೆ.

ಅಧಿಕ ಜ್ಯೇಷ್ಠ ಮಾಸ ಬಂದುದರಿಂದ 2026ರಲ್ಲಿ ಹಬ್ಬಗಳೆಲ್ಲ ತಡವಾಗಿವೆ. ನವರಾತ್ರಿ ಅಕ್ಟೋಬರ್ ಎರಡನೆಯ ವಾರದಲ್ಲಿ ಆರಂಭವಾಗಿ, ದೀಪಾವಳಿ ನವೆಂಬರ್ ಎರಡನೆಯ ವಾರಕ್ಕೆ ಹೋಗಿದೆ. ನಡುವೆ ರಾಜ್ಯೋತ್ಸವ ಭಾನುವಾರವೇ ಬಿದ್ದಿದೆ. ಹೀಗೆ ಹಬ್ಬಗಳು ತಡವಾಗಿ ಬಂದಿರುವ ವರ್ಷದಲ್ಲಿ ಸಿದ್ಧತೆಗೆ ಸಮಯವಿರಲಿಲ್ಲ ಎಂದು ಹೇಳುವಂತಿಲ್ಲ.

ಈಗ ನಡೆಯುತ್ತಿರುವುದು ಏನೆಂದು ಸ್ವಲ್ಪ ನೋಡೋಣ. ಕಾರ್ಯಕ್ರಮದ ಖರ್ಚು ಹೊಂದಿಸಲು ಪ್ರಾಯೋಜಕರನ್ನು ಕರೆಯಲಾಗುತ್ತದೆ. ಪ್ರಾಯೋಜಕರು ಬಂದ ಮೇಲೆ ಕ್ಲಬ್ ಹೌಸ್‌ನ ಬಾಗಿಲಲ್ಲಿ ಕೋಚಿಂಗ್ ಸಂಸ್ಥೆಯ ಮೇಜು, ಪಕ್ಕದಲ್ಲಿ ಕಾರು ಮಾರುವವರ ಬ್ಯಾನರು, ಇನ್ನೊಂದು ಬದಿಯಲ್ಲಿ ಹೊಸ ಬಡಾವಣೆಯ ಕರಪತ್ರ ಹಂಚುವ ಹುಡುಗರು ನಿಲ್ಲುತ್ತಾರೆ. ಧ್ವನಿವರ್ಧಕಕ್ಕೆ, ಬೆಳಕಿಗೆ, ನಿರೂಪಕರಿಗೆ ಹಣ ಕೊಟ್ಟು ಕರೆಸಿದ ಕಾರ್ಯಕ್ರಮದಲ್ಲಿ ನಿವಾಸಿಗಳ ಪಾಲಿಗೆ ಉಳಿಯುವುದು ಚಪ್ಪಾಳೆ ಮತ್ತು ಊಟದ ಕೂಪನ್. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಧ್ವನಿವರ್ಧಕ ಬಳಸಬಾರದೆಂದು 2000ದ ಶಬ್ದಮಾಲಿನ್ಯ ನಿಯಮಗಳು ಹೇಳುತ್ತವೆ. ಹೀಗಾಗಿ ಹತ್ತು ಗಂಟೆ ಸಮೀಪಿಸಿದಾಗ ಸಂಘದ ಕಾರ್ಯದರ್ಶಿಗೂ ಡಿಜೆಗೂ ವಾಗ್ವಾದ ನಡೆಯುವುದು ಕೂಡ ವಾರ್ಷಿಕ ಕಾರ್ಯಕ್ರಮವಾಗಿಬಿಟ್ಟಿದೆ. ದಾಂಡಿಯಾ ಬೇಡವೆಂದು ನಾನು ಹೇಳುತ್ತಿಲ್ಲ. ಗುಜರಾತಿ ಕುಟುಂಬಗಳು ತಾವೇ ಹಾಡಿ, ತಾಳ ಹಾಕಿ, ಉಳಿದವರನ್ನು ಕೈಹಿಡಿದು ಕರೆದು ಹೆಜ್ಜೆ ಕಲಿಸುವ ಗರ್ಬಾ ಎಷ್ಟು ಸೊಗಸಾಗಿರುತ್ತದೆಂದು ಕಂಡವರಿಗೆ ಗೊತ್ತು. ನನ್ನ ತಕರಾರು ಬಾಡಿಗೆಯ ಸಂಭ್ರಮದ ಬಗ್ಗೆ ಮಾತ್ರ.

ನವರಾತ್ರಿಯ ಗೊಂಬೆ ಹಬ್ಬವನ್ನೇ ತೆಗೆದುಕೊಳ್ಳಿ. ಮೈಸೂರು ಸೀಮೆಯ ಮನೆಗಳಲ್ಲಿ ಪಾಡ್ಯದಂದು ಪಟ್ಟದ ಗೊಂಬೆಗಳನ್ನು ಕೂರಿಸಿ, ಬೆಸ ಸಂಖ್ಯೆಯ ಮೆಟ್ಟಿಲುಗಳ ಮೇಲೆ ಉಳಿದವನ್ನು ಜೋಡಿಸುವ ಪದ್ಧತಿ ನಗರದ ಎಷ್ಟೋ ಫ್ಲಾಟುಗಳಲ್ಲಿ ಇವತ್ತಿಗೂ ಉಳಿದಿದೆ. ಮದುವೆಯಲ್ಲಿ ತವರಿನಿಂದ ಬಂದ ರಾಜ ರಾಣಿಯರ ಮರದ ಜೋಡಿಯನ್ನು ಹಳೆಯ ಪಂಚೆಯ ತುಂಡಿನಿಂದ ಬಿಡಿಸಿ, ವರ್ಷದ ಧೂಳು ಒರೆಸಿ, ಹೊಸ ಜರಿಯ ತುಂಡನ್ನು ಸೀರೆಯಾಗಿ ಉಡಿಸಿ, ಮಣಿಸರ ಹಾಕುವ ಕೆಲಸಕ್ಕೆ ಅಜ್ಜಿಯ ಕಣ್ಣು ಸಾಲದು, ಮೊಮ್ಮಗಳ ಬೆರಳು ಬೇಕು. ಮೆಟ್ಟಿಲು ಕಟ್ಟಲು ಅಪ್ಪ ಪುಸ್ತಕದ ಕಪಾಟಿನ ಹಲಗೆಗಳನ್ನು ಬಿಚ್ಚಬೇಕಾಗುತ್ತದೆ. ಕೆಳಗಿನ ಮೆಟ್ಟಿಲ ಮುಂದೆ ರಾಗಿ ಮೊಳಕೆ ಬರಿಸಿ ಹೊಲ, ಕನ್ನಡಿಯ ಚೂರಿಟ್ಟು ಕೆರೆ ಮಾಡುವ ಉಮೇದು ಮಕ್ಕಳದು. ಚನ್ನಪಟ್ಟಣದ ಹಾಲೆಮರದ, ಅರಗಿನ ಬಣ್ಣದ ಆಟಿಕೆಗಳೂ ಕೊಪ್ಪಳ ಬಳಿಯ ಕಿನ್ನಾಳದ ಗೊಂಬೆಗಳೂ ಒಂದೆರಡು ಪ್ರತಿವರ್ಷ ಹೊಸದಾಗಿ ಸೇರುತ್ತವೆ. ಇಷ್ಟೆಲ್ಲ ಮಾಡಿದ ಮನೆಯವರಿಗೆ ಬೇಕಾಗಿರುವುದು ಬಂದು ನೋಡುವವರು. ಆದರೆ ನಾಲ್ಕನೇ ಮಹಡಿಯಲ್ಲಿ ಗೊಂಬೆ ಕೂರಿಸಿರುವುದು ಏಳನೇ ಮಹಡಿಯವರಿಗೆ ತಿಳಿಯುವುದು ಅವರು ಹಾಕಿದ ಸ್ಟೇಟಸ್ ನೋಡಿ. ಅಲ್ಲಿಗೆ ಬೆರಳಿನಿಂದ ಒಂದು ಹೃದಯ ಒತ್ತಿ ಮುಗಿಸುತ್ತಾರೆ.

ಇಲ್ಲಿ ಸಂಘ ಮಾಡಬೇಕಾದ ಕೆಲಸ ಬಹಳ ಸಣ್ಣದು, ಖರ್ಚಿಲ್ಲದ್ದು. ಗೊಂಬೆ ಕೂರಿಸಿದ ಮನೆಗಳ ಬ್ಲಾಕ್ ಮತ್ತು ಫ್ಲಾಟ್ ಸಂಖ್ಯೆಗಳನ್ನು, ಅವರ ಒಪ್ಪಿಗೆ ಪಡೆದು, ಲಿಫ್ಟಿನ ಪಕ್ಕದ ಸೂಚನಾ ಫಲಕದಲ್ಲಿ ಹಾಕಬೇಕು. ಸಂಜೆ ಆರರಿಂದ ಎಂಟರವರೆಗೆ ಬಾಗಿಲು ತೆರೆದಿರುತ್ತದೆ ಎಂದು ಬರೆಯಬೇಕು. ಉಳಿದದ್ದನ್ನು ಮಕ್ಕಳು ನೋಡಿಕೊಳ್ಳುತ್ತಾರೆ. 'ಗೊಂಬೆ ಕೂರಿಸಿದ್ದೀರಾ?' ಎಂದು ಕೇಳುತ್ತ ಮಕ್ಕಳ ಗುಂಪು ಬೀದಿಯ ಮನೆಮನೆಗೆ ನುಗ್ಗಿ, ಆರತಿಯ ಹಾಡು ಹೇಳಿ, ಗೊಂಬೆ ಬಾಗಿನವೆಂದು ಕೊಡುವ ಕೊಬ್ಬರಿ ಮಿಠಾಯಿಯನ್ನೋ ಚಕ್ಕುಲಿಯನ್ನೋ ಕಡಲೆಕಾಳು ಉಸಲಿಯನ್ನೋ ಬೊಗಸೆಯಲ್ಲಿ ಇಸಿದುಕೊಂಡು ಮುಂದಿನ ಮನೆಗೆ ಓಡುತ್ತಿದ್ದ ಕಾಲ ಬಹಳ ಹಿಂದಿನದೇನೂ ಅಲ್ಲ.

ಈ ಮಾತಿಗೆ ಹ್ಯಾಲೋವೀನ್ ವಿಷಯವನ್ನೂ ಸೇರಿಸಬೇಕಾಗಿದೆ. ಅಕ್ಟೋಬರ್ 31ರ ಸಂಜೆ ದೆವ್ವದ ವೇಷ ಹಾಕಿಕೊಂಡು ಮಕ್ಕಳು ಚಾಕೊಲೇಟ್ ಕೇಳುತ್ತ ಫ್ಲಾಟಿನಿಂದ ಫ್ಲಾಟಿಗೆ ತಿರುಗುವುದು ಹಲವು ಸಮುಚ್ಚಯಗಳಲ್ಲಿ ಈಗ ವಾಡಿಕೆಯಾಗಿದೆ. ಇದನ್ನು ಕಂಡು ಕೆಲವು ಹಿರಿಯರು ಸಿಡಿಮಿಡಿಗೊಳ್ಳುತ್ತಾರೆ. ಮಕ್ಕಳನ್ನು ಬೈದು ಪ್ರಯೋಜನವಿಲ್ಲ. ನೆರೆಯವರ ಬಾಗಿಲು ತಟ್ಟುವ, ಗುಂಪಿನಲ್ಲಿ ಓಡಾಡುವ, ಚೀಲ ತುಂಬಿಸಿಕೊಂಡು ಬರುವ ಸುಖ ಅವರಿಗೆ ಬೇಕು. ಅದೇ ಸುಖ ಮೂರು ವಾರ ಮುಂಚೆ ನವರಾತ್ರಿಯಲ್ಲಿ ಒಂಬತ್ತು ಸಂಜೆ ಸಿಗಬಹುದಿತ್ತೆಂದು ಅವರಿಗೆ ತಿಳಿಸದಿದ್ದವರು ನಾವು. ಎರಡೂ ಇರಲಿ ಎನ್ನುವವರೊಂದಿಗೆ ನನ್ನ ಜಗಳವೇನಿಲ್ಲ. ಬಾಗಿಲು ತೆರೆಯುವ ಅಭ್ಯಾಸ ಮೊದಲು ಗೊಂಬೆಯಿಂದ ಆರಂಭವಾಗಲಿ ಎಂದಷ್ಟೇ ನನ್ನ ಮಾತು.

ಅಪಾರ್ಟ್‌ಮೆಂಟುಗಳಲ್ಲಿ ಹಳೇ ಮೈಸೂರಿನವರಷ್ಟೇ ಇಲ್ಲ. ವಿಜಯದಶಮಿಯ ಸಂಜೆ ಬನ್ನಿ ಎಲೆ ಕೊಟ್ಟು 'ಬಂಗಾರದಂಗಿರೋಣ' ಎಂದು ಹಿರಿಯರ ಕಾಲಿಗೆರಗುವ ಉತ್ತರ ಕರ್ನಾಟಕದ ಕುಟುಂಬಗಳಿಗೆ, ಒಂದು ವಾಟ್ಸ್ಆ್ಯಪ್ ಸಂದೇಶದ ಬದಲು, ಆಟದ ಮೈದಾನದ ಮೂಲೆಯಲ್ಲಿ ಎಲ್ಲರೂ ಸೇರುವ ಅರ್ಧ ಗಂಟೆಯನ್ನು ಸಂಘ ಗೊತ್ತುಮಾಡಬಹುದು. ಅದಾದ ಐದು ದಿನಕ್ಕೆ ಬರುವ ಹುಣ್ಣಿಮೆಯನ್ನು ಮಲೆನಾಡಿನವರು ಭೂಮಿ ಹುಣ್ಣಿಮೆಯೆಂದೂ ಬಯಲುಸೀಮೆಯವರು ಶೀಗಿ ಹುಣ್ಣಿಮೆಯೆಂದೂ ಆಚರಿಸುತ್ತಾರೆ. ತೆನೆಗಟ್ಟಿದ ಭೂಮಿಯನ್ನು ಬಸುರಿಯೆಂದು ತಿಳಿದು ಬಯಕೆಯ ಅಡುಗೆ ಬಡಿಸುವ ಹಬ್ಬಕ್ಕೆ ಕಾಂಕ್ರೀಟಿನ ನಡುವೆ ಜಾಗವೆಲ್ಲಿ ಎಂದು ಕೇಳಬಹುದು. ಆ ರಾತ್ರಿಯ ಬೆಳದಿಂಗಳಿಗೆ ಟೆರೇಸ್ ಸಾಕು: ಪ್ರತಿ ಮನೆಯವರೂ ಒಂದೊಂದು ಡಬ್ಬಿ ಬುತ್ತಿ ತಂದು ಹಂಚಿಕೊಂಡು ಉಂಡರೆ ಅದೇ ಬೆಳದಿಂಗಳ ಊಟ. ಟೆರೇಸಿನ ಬೀಗದ ಕೈ ಯಾರ ಹತ್ತಿರ ಇದೆ ಎಂಬುದೊಂದೇ ನಿಜವಾದ ತೊಡಕು.

ದೀಪಾವಳಿಯ ರಾತ್ರಿಗಳಲ್ಲಿ ಮಲೆನಾಡಿನ ಅಂಟಿಗೆ ಪಂಟಿಗೆ ತಂಡಗಳು ಆರದಂತೆ ಕಾಪಾಡಿದ ದೀಪ ಹಿಡಿದು, ಹಾಡುತ್ತ ಮನೆಯಿಂದ ಮನೆಗೆ ಹೋಗುತ್ತವೆ. ಮನೆಯವರು ಆ ದೀಪಕ್ಕೆ ಎಣ್ಣೆ ಎರೆಯುತ್ತಾರೆ. ಎತ್ತರದ ಕಟ್ಟಡದಲ್ಲಿ ಒಂದು ಲಾಟೀನು ಹಿಡಿದ ಹತ್ತು ಮಕ್ಕಳು ದೊಡ್ಡವರೊಬ್ಬರ ಜೊತೆ ಮೆಟ್ಟಿಲಿಳಿದು ಮನೆಮನೆಗೆ ಹೋಗುವುದು ಕಷ್ಟದ ಮಾತಲ್ಲ. ಕನಿಷ್ಠ ಆ ನೆಪದಲ್ಲಾದರೂ ಬೆಂಕಿ ಅವಘಡದ ವೇಳೆ ಇಳಿಯಬೇಕಾದ ಮೆಟ್ಟಿಲುಗಳ ಮೇಲೆ ಯಾರ ಸೈಕಲ್ಲು, ಯಾರ ಚಪ್ಪಲಿ ಸ್ಟ್ಯಾಂಡು ಅಡ್ಡ ಇದೆಯೆಂದು ಸಂಘಕ್ಕೆ ತಿಳಿಯುತ್ತದೆ.

ಇನ್ನು ಸುತ್ತೋಲೆಯಲ್ಲಿ ಕಾರ್ಯಕ್ರಮಗಳ ಜೊತೆಗೆ ಇರಬೇಕಾದ ಋತುವಿನ ಸುದ್ದಿಯ ಬಗ್ಗೆ. ಬೆಂಗಳೂರಿನ ಮಳೆಗಾಲ ಸೆಪ್ಟೆಂಬರಿಗೆ ಮುಗಿಯುವುದಿಲ್ಲ. ಈಶಾನ್ಯ ಮಾರುತ ಮತ್ತು ಬಂಗಾಳ ಕೊಲ್ಲಿಯ ವಾಯುಭಾರ ಕುಸಿತಗಳಿಂದ ಅಕ್ಟೋಬರ್, ನವೆಂಬರ್‌ಗಳಲ್ಲಿಯೂ ಜೋರು ಮಳೆಯಾಗುತ್ತದೆ. ಯಲಹಂಕದ ಕೇಂದ್ರೀಯ ವಿಹಾರ ಸಮುಚ್ಚಯ 2021ರ ನವೆಂಬರ್‌ನಲ್ಲೂ 2024ರ ಅಕ್ಟೋಬರ್‌ನಲ್ಲೂ ಜಲಾವೃತವಾಗಿ, ನಿವಾಸಿಗಳನ್ನು ದೋಣಿಗಳಲ್ಲಿ ಹೊರತಂದದ್ದನ್ನು ತಮ್ಮ ಓದುಗರು ಮರೆತಿರಲಾರರು. ಎರಡೂ ಈ ಹಬ್ಬಗಳ ಋತುವಿನಲ್ಲಿಯೇ ನಡೆದದ್ದು. ಆದ್ದರಿಂದ ಬೇಸ್‌ಮೆಂಟಿನ ಪಂಪು ಓಡುತ್ತದೆಯೇ, ಮಳೆನೀರಿನ ಮೋರಿಯಲ್ಲಿ ಹೂಳಿದೆಯೇ, ಟೆರೇಸಿನ ನೀರು ಇಳಿಯುವ ಕೊಳವೆಯ ಬಾಯಿಗೆ ಎಲೆ ಸಿಕ್ಕಿಕೊಂಡಿದೆಯೇ ಎಂಬುದನ್ನು ನವರಾತ್ರಿಗೆ ಮುನ್ನವೇ ನೋಡಿಸಿ ನಿವಾಸಿಗಳಿಗೆ ತಿಳಿಸಬೇಕು. ಮಳೆನೀರು ಸಂಗ್ರಹದ ಫಿಲ್ಟರನ್ನು ತೊಳೆಯುವ ಭಾನುವಾರಕ್ಕೆ ಮಕ್ಕಳನ್ನು ಕರೆದರೆ ಅದೂ ಒಳ್ಳೆಯ ಕೌಟುಂಬಿಕ ಕಾರ್ಯಕ್ರಮವೇ. ಮರಳು, ಜಲ್ಲಿ, ಇದ್ದಿಲಿನ ಪದರಗಳನ್ನು ಒಂದೊಂದಾಗಿ ತೆಗೆದು ತೊಳೆದು ಮತ್ತೆ ತುಂಬುವುದನ್ನು ನೋಡಿದ ಮಗುವಿಗೆ, 2024ರ ಬೇಸಿಗೆಯಲ್ಲಿ ಮನೆಗೆ ಟ್ಯಾಂಕರ್ ನೀರು ಏಕೆ ಬಂತೆಂದು ಬಿಡಿಸಿ ಹೇಳುವುದು ಸುಲಭ.

ಆಯುಧಪೂಜೆಯ ಮರುದಿನದ ಸ್ಥಿತಿಯನ್ನು ಎಲ್ಲರೂ ಬಲ್ಲರು. ಗೇಟಿನ ಮುಂದೆ ಒಡೆದ ಬೂದುಗುಂಬಳಕಾಯಿಯ ತಿರುಳಿನ ಮೇಲೆ ದ್ವಿಚಕ್ರ ವಾಹನ ಜಾರುತ್ತದೆ. ಬಾಳೆಕಂದು, ಮಾವಿನ ಸೊಪ್ಪು, ಸೇವಂತಿಗೆ ಹಾರಗಳು ರಾಶಿಯಾಗಿ ಬೀಳುತ್ತವೆ. ಇದನ್ನು ಎತ್ತುವವರು ಆ ದಿನ ತಾವೂ ಹಬ್ಬ ಮಾಡಬೇಕಾದವರು. ಕುಂಬಳಕಾಯಿಯನ್ನು ಬಕೆಟ್ಟಿನಲ್ಲಿ ಒಡೆಯುವುದು, ಬಾಳೆಕಂದನ್ನು ತುಂಡರಿಸಿ ಸಮುಚ್ಚಯದ ಗೊಬ್ಬರದ ಗುಂಡಿಗೆ ಹಾಕುವುದು, ಹಾರಗಳ ದಾರ ಮತ್ತು ಪ್ಲಾಸ್ಟಿಕ್ ಬಿಡಿಸಿ ಕೊಡುವುದು ಎಂಬ ಮೂರು ಸಾಲುಗಳಿಗೆ ಸುತ್ತೋಲೆಯಲ್ಲಿ ಜಾಗವಿರಲಿ. ಕರಿದ ಎಣ್ಣೆಯನ್ನು ಸಿಂಕಿಗೆ ಸುರಿದರೆ ಕೊಳವೆ ಕಟ್ಟುವುದಲ್ಲದೆ ಕೊಳಚೆನೀರು ಶುದ್ಧೀಕರಿಸುವ ಎಸ್‌ಟಿಪಿ ಘಟಕವೂ ಕೆಡುತ್ತದೆಂಬುದನ್ನು ಚಕ್ಕುಲಿ, ಕಜ್ಜಾಯಗಳ ಈ ಕಾಲದಲ್ಲಿಯೇ ಹೇಳಬೇಕು. ಹಾಗೆಯೇ ಮನೆಗೆಲಸದವರು, ಸೆಕ್ಯುರಿಟಿ ಸಿಬ್ಬಂದಿ, ಮಾಲಿಗಳು ಯಾವ ದಿನ ಊರಿಗೆ ಹೋಗುತ್ತಾರೆಂದು ಮುಂಚಿತವಾಗಿ ಕೇಳಿ ರಜೆಯ ಪಟ್ಟಿ ಪ್ರಕಟಿಸಿದರೆ, ಹಬ್ಬದ ದಿನ ಅವರನ್ನು ಫೋನಿನಲ್ಲಿ ಹುಡುಕಾಡುವ ಅಸಹ್ಯ ತಪ್ಪುತ್ತದೆ. ಒಡಿಶಾ, ಅಸ್ಸಾಂನಿಂದ ಬಂದ ಕಾವಲುಗಾರರು ದುರ್ಗಾಪೂಜೆಯ ದಿನಗಳನ್ನು ಗೇಟಿನ ಬಳಿಯ ಕೋಣೆಯಲ್ಲಿಯೇ ಕಳೆಯುವುದನ್ನು ನೋಡಿದ್ದೇವೆ. ಬೋನಸ್ ಲಕೋಟೆ ಕೊಡುವಾಗ ಅವರನ್ನು ಊಟದ ಪಂಕ್ತಿಗೂ ಕೂರಿಸಬೇಕು.

ಪಟಾಕಿಯ ವಿಷಯದಲ್ಲಿ ಹೊಸದಾಗಿ ಚರ್ಚಿಸುವುದೇನೂ ಇಲ್ಲ. ಹಸಿರು ಪಟಾಕಿ ಮಾತ್ರ, ರಾತ್ರಿ ಎಂಟರಿಂದ ಹತ್ತರವರೆಗೆ ಮಾತ್ರ ಎಂದು ಸುಪ್ರೀಂ ಕೋರ್ಟ್ 2018ರ ಅಕ್ಟೋಬರ್‌ನಲ್ಲಿಯೇ ಹೇಳಿದೆ. ಸಿಡಿಸಲು ಒಂದೇ ಜಾಗ ಗೊತ್ತುಮಾಡಿ, ಮರಳಿನ ಬಕೆಟ್ಟು ಇಟ್ಟು, ಬಾಲ್ಕನಿಯಿಂದ ರಾಕೆಟ್ ಬಿಡುವವರಿಗೆ ದಂಡ ಹಾಕುವ ಧೈರ್ಯವನ್ನು ಸಂಘ ತೋರಿಸಿದರೆ ಸಾಕು. ದೀಪಾವಳಿ ಬಂದಾಗಲೆಲ್ಲ ನಗರದ ಮಿಂಟೊ ಕಣ್ಣಾಸ್ಪತ್ರೆಗೆ ಗಾಯಗೊಂಡು ಬರುವವರಲ್ಲಿ ಪಟಾಕಿ ಹಚ್ಚಿದವರಷ್ಟೇ ಅಲ್ಲ, ಸುಮ್ಮನೆ ನಿಂತು ನೋಡುತ್ತಿದ್ದ ಮಕ್ಕಳೂ ಇರುತ್ತಾರೆ.

ರಾಜ್ಯೋತ್ಸವದ ಬಗ್ಗೆ ಒಂದು ಸಲಹೆ. ಧ್ವಜ ಹಾರಿಸಿ, ನಾಡಗೀತೆಯನ್ನು ಮೊಬೈಲಿನಿಂದ ನುಡಿಸಿ, ಇಡ್ಲಿ ವಡೆಗೆ ಸಾಲು ನಿಲ್ಲುವುದಕ್ಕಿಂತ ಹೆಚ್ಚಿನದು ಈ ಭಾನುವಾರ ಸಾಧ್ಯವಿದೆ. ಕನ್ನಡ ಬಲ್ಲ ಮನೆಯೊಂದು, ಬಾರದ ಮನೆಯೊಂದು ಜೋಡಿಯಾಗಿ ಅಂದು ಮಧ್ಯಾಹ್ನದ ಊಟಕ್ಕೆ ಕೂರಲಿ. ತರಕಾರಿಯವರೊಂದಿಗೆ, ಆಟೋದವರೊಂದಿಗೆ ಮಾತಾಡಲು ಬೇಕಾದ ಕನ್ನಡ ಭಾಷಣದಿಂದ ಬರುವುದಿಲ್ಲ, ಸಾರು ಬಡಿಸುವಾಗ 'ಇನ್ನೂ ಸ್ವಲ್ಪ ಹಾಕಲಾ?', 'ಸಾಕು, ಸಾಕು' ಎಂಬ ಮಾತುಗಳಿಂದ ಬರುತ್ತದೆ. ಸಂಘದ ಸುತ್ತೋಲೆಗಳು ಇಂಗ್ಲಿಷಿನೊಂದಿಗೆ ಕನ್ನಡದಲ್ಲಿಯೂ ಇರಬೇಕೆಂಬುದನ್ನು ಬೇರೆ ಹೇಳಬೇಕಿಲ್ಲ. ಅದನ್ನು ನಿಜಕ್ಕೂ ಓದಬೇಕಾದ ಪ್ಲಂಬರ್, ಮಾಲಿ, ಮನೆಗೆಲಸದವರು ಮತ್ತು ಊರಿಂದ ಬಂದ ಅತ್ತೆ ಮಾವಂದಿರಿಗೆ ಇಂದಿನ ಸುತ್ತೋಲೆ ತಲುಪುತ್ತಲೇ ಇಲ್ಲ.

ಗೇಟಿನ ಹೊರಗೂ ಈ ಋತು ಬಹಳಷ್ಟನ್ನು ಪುಕ್ಕಟೆಯಾಗಿ ಇಟ್ಟಿದೆ. ಅಕ್ಟೋಬರ್, ನವೆಂಬರ್‌ಗಳಲ್ಲಿ ನಗರದ ಹಳೆಯ ರಸ್ತೆಗಳಲ್ಲಿ ಆಕಾಶಮಲ್ಲಿಗೆ ಉದುರುತ್ತದೆ. ಬೆಳಗಿನ ಹೊತ್ತು ಮಕ್ಕಳನ್ನು ಕರೆದುಕೊಂಡು ಹೋದರೆ, ಉದ್ದ ತೊಟ್ಟಿನ ಆ ಬಿಳಿ ಹೂಗಳನ್ನು ದಾರವಿಲ್ಲದೆ ಜಡೆಯಂತೆ ಹೆಣೆಯುವುದನ್ನು ಅಜ್ಜಿಯರು ಕಲಿಸಬಲ್ಲರು. ಹಿಮಾಲಯದ ಕಡೆಯಿಂದ ಚಳಿಗಾಲಕ್ಕೆ ಬರುವ ಬೂದು ಸಿಪಿಲೆ ಹಕ್ಕಿ ಬಾಲ ಕುಣಿಸುತ್ತ ಈಜುಕೊಳದ ಅಂಚಿನಲ್ಲಿಯೇ ಓಡಾಡುತ್ತಿರುತ್ತದೆ. ಕಾರ್ತಿಕದ ಕೊನೆಯ ಸೋಮವಾರ ಬಸವನಗುಡಿಯ ಕಡಲೆಕಾಯಿ ಪರಿಷೆ. ಕನಕಪುರ ರಸ್ತೆಯ ನಮ್ಮಂಥವರಿಗೆ ಹಸಿರು ಮಾರ್ಗದ ಮೆಟ್ರೋ ಹತ್ತಿ ನ್ಯಾಷನಲ್ ಕಾಲೇಜು ನಿಲ್ದಾಣದಲ್ಲಿಳಿದರೆ ಅಲ್ಲಿಂದ ಕಾಲ್ನಡಿಗೆಯ ದಾರಿ. ಕಾರು ತರದೆ, ಕೈಯಲ್ಲಿ ಬಟ್ಟೆಚೀಲ ಹಿಡಿದು, ಇಪ್ಪತ್ತು ಮೂವತ್ತು ಮನೆಗಳವರು ಒಟ್ಟಿಗೆ ಹೊರಡುವುದನ್ನು ಸಮಿತಿಗಳು ಈ ಋತುವಿನ ಪಟ್ಟಿಯ ಕೊನೆಯ ಕಾರ್ಯಕ್ರಮವಾಗಿ ಸೇರಿಸಲಿ.

ತಮ್ಮ ಪತ್ರಿಕೆಯ ನಗರ ಪುಟದಲ್ಲಿ ನವರಾತ್ರಿಯಿಂದ ಪರಿಷೆಯವರೆಗೆ ವಾರಕ್ಕೊಮ್ಮೆ, ಪ್ರಾಯೋಜಕರಿಲ್ಲದೆ ಮನೆಯವರೇ ನಡೆಸಿದ ಇಂಥ ಕಾರ್ಯಕ್ರಮಗಳ ಸುದ್ದಿಗೆ ಕಾಲಂ ಒಂದನ್ನು ಮೀಸಲಿಡಬೇಕೆಂದು ವಿನಂತಿ. ಮಹಾಲಯ ಅಮಾವಾಸ್ಯೆಗೆ ಮುನ್ನವೇ ಅದರ ಪ್ರಕಟಣೆ ಬಂದರೆ, ಈಗಾಗಲೇ ಡಿಜೆಗೆ ಮುಂಗಡ ಕೊಡಲು ಹೊರಟಿರುವ ಸಮಿತಿಗಳಿಗೆ ಇನ್ನೊಮ್ಮೆ ಯೋಚಿಸಲು ಸಮಯ ಉಳಿಯುತ್ತದೆ.

ಇತಿ,
ತಮ್ಮ ಓದುಗಿ,
ಕನಕಪುರ ರಸ್ತೆ, ಬೆಂಗಳೂರು